ಗಡಿಯೂರಿನ ಸೋಂಕಿತರು ಯಾರ ಮುಂದೆ ಬಾಯಿ ಬಿಡುತ್ತಾರೆ?

ರೋಗ ಪತ್ತೆ ಎಂಬ ಕೆಲಸದಲ್ಲಿ ಎರಡು ಪಾಲುಗಳಿವೆ. ಗಂಟಲ ದ್ರವ, ಕಫ ಅಥವಾ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಿ ಸೋಂಕು ಇದೆಯೋ ಇಲ್ಲವೋ ಎಂದು ತಿಳಿಯುವುದು ಒಂದು. ಯಂತ್ರ, ಕಿಟ್, ತಂತ್ರಜ್ಞರಿದ್ದರೆ ಈ ಕೆಲಸ ನಡೆಯುತ್ತದೆ. ಸರ್ಕಾರ ಮನಸ್ಸು ಮಾಡಿ ದುಡ್ಡು ಬಿಡುಗಡೆ ಮಾಡಿದರೆ ಇವೆಲ್ಲ ಬರುತ್ತವೆ. ಸೋಂಕು ತಗುಲಿದವರು ಕಳೆದ ಕೆಲವು ದಿನಗಳಲ್ಲಿ ಯಾರ ಜತೆ ಉಂಡರು, ಯಾರ ಪಕ್ಕ ಮಲಗಿದರು, ಯಾವ ಟೆಂಪೊ ಹತ್ತಿದರು ಎಂದು ತಿಳಿಯುವುದು ಇನ್ನೊಂದು. ಇದು ದುಡ್ಡಿಗೆ ಬರುವಂಥದಲ್ಲ. ಆ ಮನುಷ್ಯ ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಸರು ಹೇಳಿದರೆ ತಮಗೂ ಹೆಸರು ಹೇಳಿಸಿಕೊಂಡವರಿಗೂ ಕೇಡಾಗುವುದಿಲ್ಲ ಎಂಬ ಭರವಸೆ ಬಂದಾಗ ಮಾತ್ರ ಜನ ಮಾತಾಡುತ್ತಾರೆ. ಆದ್ದರಿಂದ ಈ ಎರಡನೆಯ ಪಾಲನ್ನು ತರಬೇತಿ, ಸಂಭಾವನೆ ಮತ್ತು ಹೊಣೆಯ ಸಮೇತ ಊರಿನ ಸಂಘಟನೆಗಳಿಗೆ ಒಪ್ಪಿಸಬೇಕು ಎಂಬುದು ನನ್ನ ವಾದ. ಎರಡು ರಾಜ್ಯಗಳ ನಡುವೆ ಬದುಕು ಹಂಚಿಹೋಗಿರುವ ತಾಲ್ಲೂಕುಗಳಲ್ಲಂತೂ ಬೇರೆ ದಾರಿಯೇ ಇಲ್ಲ.

ಮರಾಠವಾಡದ ಉಮರ್ಗಾ, ನಿಲಂಗಾ, ಉದಗೀರ್ ಅಂಥ ತಾಲ್ಲೂಕುಗಳು. ನಿಲಂಗಾ ಮತ್ತು ಉದಗೀರ್ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದ್ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರ್ ಜಿಲ್ಲೆ ರಚನೆಯಾದಾಗ ಅದರ ಪಾಲಾದವು. ಉಮರ್ಗಾ ಇರುವುದು ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಅದನ್ನು ಹಾದು ಬಸವಕಲ್ಯಾಣದ ಕಡೆಗೆ ಸಾಗುತ್ತದೆ. ಆಳಂದ, ಬಸವಕಲ್ಯಾಣ, ಭಾಲ್ಕಿ, ಕಮಲನಗರದ ಜತೆ ಈ ಊರುಗಳಿಗೆ ಹೆಣ್ಣು ಕೊಟ್ಟು ತರುವ ನಂಟಿದೆ. ಅನೇಕ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಶಾಲೆ–ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ. ನಳದುರ್ಗದ ಖಂಡೋಬಾ ಜಾತ್ರೆಗೆ ಕರ್ನಾಟಕದವರು ಹೋಗುತ್ತಾರೆ, ಭಾಲ್ಕಿ ಬಳಿಯ ಮೈಲಾರ ಮಲ್ಲಣ್ಣನ ಜಾತ್ರೆಗೆ ಮಹಾರಾಷ್ಟ್ರದವರು ಬರುತ್ತಾರೆ. ಸೋಂಕೂ ಇದೇ ದಾರಿಗಳಲ್ಲಿ ಓಡಾಡುತ್ತದೆ. ಅದನ್ನು ಹಿಂಬಾಲಿಸಬೇಕಾದ ಆರೋಗ್ಯ ಸಿಬ್ಬಂದಿ ಮಾತ್ರ ಜಿಲ್ಲೆಯ ಗಡಿಕಲ್ಲಿನ ಹತ್ತಿರ ನಿಂತುಬಿಡುತ್ತಾರೆ.

ಕೋವಿಡ್ ಬಂದ ರೀತಿಯನ್ನೇ ನೋಡಿ. 2020ರ ಮಾರ್ಚ್ 10ರಂದು ಸಂಭವಿಸಿದ ದೇಶದ ಮೊದಲ ಕೋವಿಡ್ ಸಾವು ಪಕ್ಕದ ಕಲಬುರಗಿಯ ವೃದ್ಧರೊಬ್ಬರದು. ಆ ವೃದ್ಧರನ್ನು ಚಿಕಿತ್ಸೆಗೆಂದು ಹೈದರಾಬಾದಿಗೆ ಕರೆದೊಯ್ದು ವಾಪಸು ತರಲಾಗಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಉಸ್ಮಾನಾಬಾದ್ ಜಿಲ್ಲೆಯ ಮೊದಲ ಪ್ರಕರಣಗಳು ಉಮರ್ಗಾ ಭಾಗದಲ್ಲಿ ಕಂಡವು. ಅದೇ ವಾರ ಹರಿಯಾಣದಿಂದ ಆಂಧ್ರದ ಕಡೆ ಹೊರಟು ನಿಲಂಗಾದಲ್ಲಿ ತಂಗಿದ್ದ ಪ್ರಯಾಣಿಕರಲ್ಲಿ ಎಂಟು ಮಂದಿಗೆ ಸೋಂಕಿರುವುದು ಗೊತ್ತಾಯಿತು. ಲಾತೂರ್ ಜಿಲ್ಲೆಗೆ ಅವೇ ಮೊದಲ ಪ್ರಕರಣಗಳು. ತಿಂಗಳ ಕೊನೆಯಲ್ಲಿ ಉದಗೀರ್‌ನ ವೃದ್ಧೆಯೊಬ್ಬರು ತೀರಿಕೊಂಡರು, ಪಟ್ಟಣಕ್ಕೆ ಬೀಗ ಬಿತ್ತು. ಆ ದಿನಗಳಲ್ಲಿ ಇಡೀ ದೇಶದಲ್ಲಿ ಒಂದು ಸಮುದಾಯದ ಮೇಲೆ ಗೂಬೆ ಕೂರಿಸುವ ಕೆಲಸ ಎಗ್ಗಿಲ್ಲದೆ ನಡೆದಿತ್ತು. ಆ ಆಗಸ್ಟಿನಲ್ಲಿ ತಬ್ಲೀಗ್ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಗಿದೆ ಎಂಬ ನಿಲುವು ತಳೆದದ್ದು ಇದೇ ಮರಾಠವಾಡದಲ್ಲಿರುವ, ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ. ತೀರ್ಪು ಬರುವ ಹೊತ್ತಿಗೆ ಆಗಬೇಕಾದ ಕೇಡು ಆಗಿಹೋಗಿತ್ತು. ಹೆಸರು ಹೇಳಿದರೆ ಪೊಲೀಸರು ಬರುತ್ತಾರೆ, ಟಿ.ವಿ.ಯಲ್ಲಿ ಊರಿನ ಹೆಸರು ಬರುತ್ತದೆ, ಮನೆ ಮುಂದೆ ತಗಡು ಹೊಡೆಯುತ್ತಾರೆ ಎಂದು ಜನರಿಗೆ ಮನದಟ್ಟಾದ ಮೇಲೆ ಯಾರು ಬಾಯಿ ಬಿಡುತ್ತಾರೆ? 'ಎಲ್ಲೂ ಹೋಗಿಲ್ಲ, ಯಾರನ್ನೂ ಭೇಟಿಯಾಗಿಲ್ಲ' ಎಂಬ ಉತ್ತರ ಆಗ ಎಲ್ಲ ಊರಲ್ಲೂ ಕೇಳಿಬಂತು. ಅದನ್ನು ಅಜ್ಞಾನ ಎಂದು ಬಯ್ದವರು ಅದರ ಹಿಂದಿದ್ದ ಲೆಕ್ಕಾಚಾರವನ್ನು ನೋಡಲಿಲ್ಲ. ಹೇಳಿದವರಿಗೆ ಶಿಕ್ಷೆ, ಮುಚ್ಚಿಟ್ಟವರಿಗೆ ನೆಮ್ಮದಿ ಎಂಬ ವ್ಯವಸ್ಥೆಯಲ್ಲಿ ಮುಚ್ಚಿಡುವವರು ದಡ್ಡರೇನೂ ಅಲ್ಲ.

ಪರೀಕ್ಷೆಯೂ ಕಾಣುವಷ್ಟು ಸರಳವಲ್ಲ. ಕ್ಷಯದ ಪರೀಕ್ಷೆಗೆ ಮುಂಜಾನೆ ಎದ್ದ ಕೂಡಲೆ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು; ಡಬ್ಬಿಯಲ್ಲಿ ಬರಿ ಎಂಜಲು ಬಿದ್ದರೆ ರೋಗವಿದ್ದೂ ಇಲ್ಲ ಎಂಬ ವರದಿ ಬರಬಹುದು. ಕೆಮ್ಮಬೇಕಾದದ್ದು ಮನೆಯೊಳಗಲ್ಲ, ಗಾಳಿಯಾಡುವ ಬಯಲಲ್ಲಿ. ಒಂದೇ ಕೋಣೆಯ ಮನೆಯ ಸೊಸೆ ಡಬ್ಬಿ ಹಿಡಿದು ಅಂಗಳದಲ್ಲಿ ಕೆಮ್ಮಲು ನಿಂತರೆ ಎದುರುಮನೆಗೆ, ಎದುರುಮನೆಯಿಂದ ಅತ್ತೆಯ ತವರಿಗೆ ಸುದ್ದಿ ಮುಟ್ಟುತ್ತದೆ. ಆಕೆಯನ್ನು ಹೊಲದ ಕಡೆ ಕರೆದುಕೊಂಡು ಹೋಗಿ, ಹೇಗೆ ಕೆಮ್ಮಬೇಕೆಂದು ತೋರಿಸಿ, ಡಬ್ಬಿಯ ಮುಚ್ಚಳ ಭದ್ರ ಮಾಡಿ, ಮೊದಲ ಬಸ್ಸಿಗೆ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವವಳು ಬೇಕು. ಅವಳು ಸ್ವಸಹಾಯ ಸಂಘದಲ್ಲಿ ಪ್ರತಿ ವಾರ ಪಕ್ಕದಲ್ಲೇ ಕೂರುವ ಗೆಳತಿಯಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಮರಾಠವಾಡದಲ್ಲಿ ಬಚತ್ ಗಟ ಎಂದು ಕರೆಯುವ ಈ ಉಳಿತಾಯ ಗುಂಪುಗಳಿಗೆ ಯಾರ ಮನೆಯಲ್ಲಿ ಸಾಲವಿದೆ, ಯಾರ ಮಗ ಪುಣೆಯಿಂದ ಸೊರಗಿ ಬಂದಿದ್ದಾನೆ ಎಂಬುದು ಯಾವ ಸಮೀಕ್ಷೆಯೂ ಇಲ್ಲದೆ ಗೊತ್ತಿರುತ್ತದೆ.

ಆದರೆ ಜನರ ಪಟ್ಟಿ ಕೈಯಲ್ಲಿರುವವರೆಲ್ಲ ನಂಬಿಕೆಗೆ ಅರ್ಹರಲ್ಲ. ಕಬ್ಬು ಕಡಿಯಲು ಹೋಗುವ ಟೋಳಿಗಳ ವಿಷಯದಲ್ಲಿ ಇದು ಸ್ಪಷ್ಟವಾಗುತ್ತದೆ. ಗಂಡ ಹೆಂಡತಿಯನ್ನು ಸೇರಿಸಿ ಒಂದು 'ಕೋಯ್ತಾ' ಎಂದು ಲೆಕ್ಕ ಹಾಕಿ, ಉಚಲ್ ಎಂಬ ಮುಂಗಡ ಕೊಟ್ಟು, ಮುಕಾದಮ ಎಂಬ ಗುತ್ತಿಗೆದಾರ ಅವರನ್ನು ಸಕ್ಕರೆ ಕಾರ್ಖಾನೆಗಳಿಗೆ ಒಯ್ಯುತ್ತಾನೆ. ಯಾವ ಗುಡಿಸಲಲ್ಲಿ ಯಾರು ಮಲಗುತ್ತಾರೆ ಎಂಬುದು ಅವನಷ್ಟು ಯಾರಿಗೂ ಗೊತ್ತಿಲ್ಲ. ಸಂಪರ್ಕಿತರ ಪಟ್ಟಿ ಬೇಕೆಂದಾಗ ಅಧಿಕಾರಿ ಮೊದಲು ಕೇಳುವುದೂ ಅವನನ್ನೇ. ಆದರೆ ಕೆಮ್ಮಿದೆ ಎಂದು ಗೊತ್ತಾದರೆ ಮುಂದಿನ ವರ್ಷ ಉಚಲ್ ಸಿಗದು ಎಂದು ಹೆದರುವ ಕೂಲಿಕಾರ ಯಾರಿಗೆ ಬೇಕಾದರೂ ಹೇಳಿಯಾನು, ಮುಕಾದಮನಿಗೆ ಹೇಳುವುದಿಲ್ಲ. ಆದ್ದರಿಂದ 'ಸ್ಥಳೀಯ ಸಂಘಟನೆ' ಎಂದ ಮಾತ್ರಕ್ಕೆ ಕೆಲಸ ಮುಗಿಯದು. ಸೋಂಕಿತ ಯಾರಿಗೆ ಸಾಲಗಾರನಲ್ಲವೋ, ಯಾರಿಗೆ ಅಂಜಬೇಕಿಲ್ಲವೋ, ಅಂಥವರ ಸಂಘಟನೆಯೇ ಆಗಬೇಕು.

ಇದೆಲ್ಲ ಕಲ್ಪನೆಯ ಮಾತಲ್ಲ. ಈ ನೆಲದಲ್ಲೇ ನಡೆದು ತೋರಿಸಿದ ಕೆಲಸ. ಜಾಮಖೇಡದಲ್ಲಿ ರಜನಿಕಾಂತ್ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಆರಂಭಿಸಿದ ಆರೋಗ್ಯ ಯೋಜನೆಯಲ್ಲಿ ಹಳ್ಳಿಯ ಹೆಂಗಸರೇ, ಅದರಲ್ಲೂ ಅಕ್ಷರ ಬಾರದವರು ಮತ್ತು ದಲಿತರು, ಆರೋಗ್ಯ ಕಾರ್ಯಕರ್ತೆಯರಾದರು. ಕುಷ್ಠ, ಕ್ಷಯದಂಥ ಜನ ಮುಚ್ಚಿಡುವ ರೋಗಗಳನ್ನು ಅವರು ಮನೆಮನೆಯಲ್ಲಿ ಪತ್ತೆ ಹಚ್ಚಿದರು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಲಾತೂರ್ ಮತ್ತು ಉಮರ್ಗಾ ಸೀಮೆಯಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ, ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಮಹಿಳಾ ಮಂಡಲಗಳಿಂದ 'ಸಂವಾದ ಸಹಾಯಕ'ರನ್ನು ಆರಿಸಿ ಮನೆ ಕಟ್ಟುವ ಕಾರ್ಯಕ್ರಮಕ್ಕೂ ಸಂತ್ರಸ್ತರಿಗೂ ನಡುವೆ ನಿಲ್ಲಿಸಿತು. ತುಳಜಾಪುರ ತಾಲ್ಲೂಕಿನ ಅಣದೂರಿನ ಹಾಲೊ ಮೆಡಿಕಲ್ ಫೌಂಡೇಶನ್ ಹಳ್ಳಿಗಳಲ್ಲಿ 'ಭಾರತ ವೈದ್ಯ' ಎಂಬ ಹೆಸರಿನ ಕಾರ್ಯಕರ್ತೆಯರನ್ನು ಬೆಳೆಸಿತು. ಇಷ್ಟು ಅನುಭವ ಒಂದೇ ಸೀಮೆಯಲ್ಲಿ ಇರುವಾಗ, 2020ರ ಸೆಪ್ಟೆಂಬರಿನಲ್ಲಿ 'ನನ್ನ ಕುಟುಂಬ, ನನ್ನ ಜವಾಬ್ದಾರಿ' ಎಂದು ಮಹಾರಾಷ್ಟ್ರ ಸರ್ಕಾರ ಮನೆಮನೆ ಸಮೀಕ್ಷೆಗೆ ಹೊರಟಾಗ ಹೆಚ್ಚಿನ ಹೊರೆ ಮತ್ತೆ ಆಶಾ ಕಾರ್ಯಕರ್ತೆಯರ ಹೆಗಲಿಗೇ ಬಿದ್ದದ್ದು ವಿಷಾದದ ಸಂಗತಿ.

ಇಲ್ಲಿ ಎದ್ದು ನಿಲ್ಲುವ ಆಕ್ಷೇಪ ಬಲವಾದದ್ದು: ಊರವರ ಕೈಗೆ ರೋಗಿಯ ಹೆಸರು ಕೊಟ್ಟರೆ ಗುಟ್ಟು ಉಳಿಯುತ್ತದೆಯೇ? ಜಾತಿ ಆಳುವ ಹಳ್ಳಿಯಲ್ಲಿ 'ಸಮುದಾಯ' ಎಂದರೆ ಮೇಲುಕೇರಿಯ ನಾಲ್ಕು ಮನೆಗಳಲ್ಲವೇ? 2020ರ ಬೇಸಿಗೆಯಲ್ಲಿ ದಾರಿಗೆ ಮುಳ್ಳು ಹಾಕಿ, ನಡೆದು ಬಂದ ತಮ್ಮೂರ ಕೂಲಿಕಾರರನ್ನೇ ಹೊರಗೆ ನಿಲ್ಲಿಸಿದ್ದೂ ಊರ ಸಮಿತಿಗಳೇ. ಈ ಮಾತನ್ನು ಅಲ್ಲಗಳೆಯಲಾಗದು. ಆದರೆ ಗುಟ್ಟು ಕಾಯಲು ಯಾರು ಸಮರ್ಥರು ಎಂಬುದಕ್ಕೆ ಇನ್ನೊಂದು ಗಡಿಯಲ್ಲಿ ಉತ್ತರವಿದೆ. ಸಾಂಗ್ಲಿಯಲ್ಲಿ 1992ರಲ್ಲಿ ಆರಂಭವಾದ ಸಂಗ್ರಾಮ ಸಂಸ್ಥೆಯ ಒಡಲಿಂದ 1996ರಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಹುಟ್ಟಿತು. ಸಾಂಗ್ಲಿ, ಮೀರಜ್‌ನಿಂದ ಕರ್ನಾಟಕದ ನಿಪ್ಪಾಣಿಯವರೆಗೆ ಹಬ್ಬಿದ ಈ ಸಂಘಟನೆಯಲ್ಲಿ ಕನ್ನಡ ಮಾತಾಡುವ, ದೇವದಾಸಿ ಹಿನ್ನೆಲೆಯ ಹೆಣ್ಣುಮಕ್ಕಳು ಬಹಳ. ಎಚ್‌ಐವಿ ಎಂದರೆ ಹೆಣ ಮುಟ್ಟಲೂ ಹೆದರುತ್ತಿದ್ದ ಕಾಲದಲ್ಲಿ ತಮ್ಮ ಓಣಿಗಳಲ್ಲಿ ಕಾಂಡೋಮ್ ಹಂಚಿದವರು, ಗೆಳತಿಯರನ್ನು ಆಸ್ಪತ್ರೆಗೆ ಕರೆದೊಯ್ದು ಪಕ್ಕದಲ್ಲಿ ನಿಂತವರು ಅವರೇ. ಮೈಸೂರಿನ ಆಶೋದಯ ಸಮಿತಿಯೂ ಇದೇ ಹಾದಿಯದು. ಗುಟ್ಟು ಬಯಲಾದರೆ ತಮ್ಮ ಬದುಕೇ ಬೀದಿಗೆ ಬೀಳುವವರು ಇತರರ ಗುಟ್ಟನ್ನೂ ಕಾಯುತ್ತಾರೆ. ಊರ ಗೌಡರ ಸಮಿತಿಗೂ ಇಂಥ ಸಂಘಟನೆಗೂ ಇರುವ ಅಂತರ ಇದು. ಹಾಗಾಗಿ ಒಂದೂರಿಗೆ ಒಂದೇ ಸಮಿತಿ ಸಲ್ಲದು. ಸ್ವಸಹಾಯ ಸಂಘ, ದಲಿತ ಕೇರಿಯ ಯುವಕ ಮಂಡಳಿ, ಮಸೀದಿ ಕಮಿಟಿ, ಭಜನಾ ಮಂಡಳಿ ಹೀಗೆ ಹಲವು ಬಾಗಿಲುಗಳಿರಲಿ. ಯಾರೊಡನೆ ಮಾತಾಡಬೇಕೆಂಬ ಆಯ್ಕೆ ಸೋಂಕಿತರದಾಗಲಿ. ರೋಗಿಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಸ್ಥಿತಿ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅಂಥದೇ ಕಾನೂನಿನ ಕಾವಲು ಪ್ರತಿಯೊಂದು ಸೋಂಕಿಗೂ ಬೇಕು.

ಸರ್ಕಾರ ತನ್ನ ಹೊಣೆಯನ್ನು ಬಡ ಹೆಂಗಸರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತದೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೋವಿಡ್ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿಗೆ ಕೇಂದ್ರ ಕೊಟ್ಟ ಹೆಚ್ಚುವರಿ ಪ್ರೋತ್ಸಾಹಧನ ತಿಂಗಳಿಗೆ 1,000 ರೂಪಾಯಿ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಆಶಾಗಳು ಮುಷ್ಕರ ಹೂಡಬೇಕಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯಿಂದ ಒಲೆ ಉರಿಯುವುದಿಲ್ಲ. ಸಂಘಟನೆಗಳೊಂದಿಗೆ ಲಿಖಿತ ಕರಾರು, ದಿನಗೂಲಿಗಿಂತ ಕಡಿಮೆಯಿಲ್ಲದ ಸಂಭಾವನೆ, ವಿಮೆ ಇವು ಮೊದಲು ಆಗಬೇಕು. ಸೋಂಕಿತರನ್ನೂ ಬರಿಗೈಯಲ್ಲಿ ಹೋಗಿ ಪ್ರಶ್ನೆ ಕೇಳಬಾರದು. ಮನೆಯಲ್ಲೇ ಇರು ಎನ್ನುವವರು ಎರಡು ವಾರದ ಜೋಳ, ಎಮ್ಮೆಗೆ ಮೇವು, ಕಳೆದುಕೊಂಡ ಕೂಲಿಯ ಲೆಕ್ಕ ಹೊತ್ತೇ ಹೋಗಬೇಕು.

ಆ್ಯಪ್ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಉತ್ತರ ಚಿಕ್ಕದು. ಆರೋಗ್ಯ ಸೇತು ಕೇಳಿದ್ದು ಸ್ಮಾರ್ಟ್‌ಫೋನ್ ಮತ್ತು ಸದಾ ಚಾಲೂ ಇರುವ ಬ್ಲೂಟೂತ್. ಕಬ್ಬಿನ ಗದ್ದೆಯಲ್ಲಿ ಅವೆರಡೂ ಇರಲಿಲ್ಲ. ಇನ್ನು ಬಲಪ್ರಯೋಗದ ಮಾತಾದರೆ, ಅದರ ಫಲವನ್ನು ಲೈಬೀರಿಯಾ ಕಂಡಿದೆ. 2014ರ ಆಗಸ್ಟಿನಲ್ಲಿ ಎಬೋಲಾ ತಡೆಯಲೆಂದು ಮನ್ರೋವಿಯಾದ ವೆಸ್ಟ್ ಪಾಯಿಂಟ್ ಕೊಳೆಗೇರಿಯನ್ನು ಸೇನೆ ಮುತ್ತಿದಾಗ ಗಲಭೆಯಾಗಿ ಒಬ್ಬ ಹುಡುಗ ಗುಂಡಿಗೆ ಬಲಿಯಾದ. ಕೊನೆಗೆ ದಿಗ್ಬಂಧನ ತೆಗೆದು ಕೇರಿಯ ಜನರನ್ನೇ ರೋಗ ಹುಡುಕುವ ಕೆಲಸಕ್ಕೆ ಹಚ್ಚಬೇಕಾಯಿತು.

ಗಡಿಯ ತೊಡಕು ಇನ್ನೂ ಬೇರೆ. 2020ರ ಮಾರ್ಚ್‌ನಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಕಾಸರಗೋಡಿನ ರೋಗಿಗಳು ಜೀವ ಬಿಟ್ಟರು. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಆರ್‌ಟಿ–ಪಿಸಿಆರ್ ವರದಿ ಕಡ್ಡಾಯ ಮಾಡಿತು. ಚೆಕ್‌ಪೋಸ್ಟಿನಲ್ಲಿ ನಿಂತವರು ಕಾಗದ ನೋಡಿದರು. ಆದರೆ ಉಮರ್ಗಾದ ಸೋಂಕಿತರ ತಂಗಿ ಬಸವಕಲ್ಯಾಣದಲ್ಲಿ ಕೆಮ್ಮುತ್ತಿದ್ದರೆ ಆ ಸುದ್ದಿ ಮುಟ್ಟಿಸುವುದು ಯಾರ ಕೆಲಸ ಎಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ. ಎರಡೂ ಕಡೆಯ ಬೀಗರ ನಂಟನ್ನು ಬಲ್ಲ, ಎರಡೂ ಭಾಷೆ ಆಡುವ ಮಹಿಳಾ ಸಂಘಗಳು ಒಂದು ಫೋನಿನಲ್ಲಿ ಈ ಕೆಲಸ ಮುಗಿಸಬಲ್ಲವು.

ಕೋವಿಡ್ ಸರಿದುಹೋಯಿತು, ಇನ್ನು ಅವಸರವೇನು ಎನ್ನುವಂತಿಲ್ಲ. ಭಾರತದಲ್ಲಿ ಲಕ್ಷ ಜನರಿಗೆ ಹೊಸ ಕ್ಷಯ ಪ್ರಕರಣಗಳು 2015ರಲ್ಲಿ 237 ಇದ್ದದ್ದು 2024ರಲ್ಲಿ 187ಕ್ಕೆ ಇಳಿದಿವೆ. ಆದರೂ 2025ಕ್ಕೆ ಕ್ಷಯ ತೊಲಗಿಸುವ ಗುರಿ ಮುಟ್ಟಲಾಗಲಿಲ್ಲ. ಒಂದೇ ಸೂರಿನಡಿ ಇದ್ದವರನ್ನು ಹುಡುಕಿ ಪರೀಕ್ಷಿಸಿ, ರೋಗ ಬಾರದಂತೆ ಮಾತ್ರೆ ಕೊಡುವ ವ್ಯವಸ್ಥೆ ಸರ್ಕಾರದಲ್ಲಿದೆ. ರೋಗಿ ಯಾವ ರಾಜ್ಯಕ್ಕೆ ಹೋದರೂ ದಾಖಲೆ ಹಿಂಬಾಲಿಸುವ ನಿಕ್ಷಯ ಪೋರ್ಟಲ್ ಇದೆ. ಚಿಕಿತ್ಸೆ ಪೂರ್ತಿಗೊಳಿಸಲು ಜತೆ ನಿಂತವರಿಗೆ 1,000 ರೂಪಾಯಿ ಗೌರವಧನವೂ ಇದೆ. ಕೊರತೆ ಇರುವುದು ಹೆಸರು ಕೇಳಿ ಬರಬಲ್ಲ ಮನುಷ್ಯರದು. ಕಬ್ಬಿನ ಟೋಳಿಗಳು ದಸರಾ–ದೀಪಾವಳಿ ಹೊತ್ತಿಗೆ ಹೊರಡುತ್ತವೆ. ಲಾತೂರ್, ಧಾರಾಶಿವ, ಬೀದರ್, ಕಲಬುರಗಿ ಜಿಲ್ಲೆಗಳ ಆಡಳಿತ ಅದಕ್ಕೂ ಮುಂಚೆ ಒಂದೆಡೆ ಕೂತು ಗಡಿ ತಾಲ್ಲೂಕುಗಳ ಸಂಘಗಳನ್ನು ಗುರುತಿಸಿ, ಕರಾರಿಗೆ ಸಹಿ ಹಾಕಿ, ಮೊದಲ ತಿಂಗಳ ಸಂಭಾವನೆಯನ್ನು ಮುಂಗಡವಾಗಿಯೇ ಕೊಡಲಿ.