ಹಾಸಿಗೆಯ ಬಲಮಗ್ಗುಲಿನ ಪಾಠ

ಠಾಣೆ ಪೂರ್ವದ ಕೋಪರಿಯವರಿಗೆ ಕಲ್ವಾ ಎಂದರೆ ರೈಲಿನಲ್ಲಿ ಮುಂದಿನ ಸ್ಟೇಷನ್. ಜ್ವರ ಇಳಿಯದೆ, ಖಾಸಗಿ ನರ್ಸಿಂಗ್ ಹೋಮಿನ ಬಿಲ್ಲು ಏರತೊಡಗಿದಾಗ ಅಲ್ಲಿನ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯ ನೆನಪಾಗುತ್ತದೆ. ಮಹಾನಗರಪಾಲಿಕೆಯ ಈ ಆಸ್ಪತ್ರೆಯೊಂದಿಗೆ 1992ರಲ್ಲಿ ಶುರುವಾದ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜೂ ಇದೆ. ಇಂಥ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಒಬ್ಬ ರೋಗಿಯ ಸುತ್ತ ಎಂಟು ಹತ್ತು ಬಿಳಿ ಏಪ್ರನ್ನುಗಳು ಮುತ್ತಿಕೊಂಡರೆ ಮನೆಯವರು ಗಾಬರಿಯಾಗುತ್ತಾರೆ. ಕೇಸು ಕೈಮೀರಿತೇ ಎಂದು ಸಿಸ್ಟರನ್ನು ಕೇಳುತ್ತಾರೆ. ಕೈಮೀರಿದ್ದು ಏನೂ ಇರುವುದಿಲ್ಲ, ಪಾಠ ನಡೆಯುತ್ತಿರುತ್ತದೆ.

ಈ ಪಾಠದ ಬುಡ ಯೂನಿಟ್. ಮೆಡಿಸಿನ್ ವಿಭಾಗವನ್ನು ಹಲವು ಯೂನಿಟ್‌ಗಳಾಗಿ ಹಂಚಿರುತ್ತಾರೆ. ಪ್ರತಿಯೊಂದಕ್ಕೂ ಅದರದೇ ಹಾಸಿಗೆಗಳು, ಅದರದೇ ಓಪಿಡಿ ದಿನ, ಅದರದೇ ಎಮರ್ಜೆನ್ಸಿ ದಿನ. ಮಂಗಳವಾರದ ಯೂನಿಟ್‌ಗೆ ಬಂದ ರೋಗಿ ಮನೆಗೆ ಹೋಗುವವರೆಗೂ ಆ ಯೂನಿಟ್ಟಿನವನೇ. ಮೇಲೆ ಪ್ರೊಫೆಸರ್, ಅವರ ಕೆಳಗೆ ಸಹಾಯಕ ಪ್ರಾಧ್ಯಾಪಕರು, ಸೀನಿಯರ್ ರೆಸಿಡೆಂಟ್, ಎಂ.ಡಿ. ಓದುವ ಮೂರು ವರ್ಷಗಳ ಜೂನಿಯರ್ ರೆಸಿಡೆಂಟರು, ಇಂಟರ್ನ್‌ಗಳು, ಕೊನೆಗೆ ಎಂ.ಬಿ.ಬಿ.ಎಸ್. ಮಕ್ಕಳು. ಪ್ರತಿಯೊಬ್ಬರೂ ತಮಗಿಂತ ಒಂದು ಮೆಟ್ಟಿಲು ಕೆಳಗಿನವರಿಗೆ ಕಲಿಸುತ್ತಾರೆ. ರಕ್ತ ತೆಗೆಯುವುದನ್ನು ಪ್ರೊಫೆಸರ್ ಹೇಳಿಕೊಡುವುದಿಲ್ಲ, ಮೊದಲ ವರ್ಷದ ರೆಸಿಡೆಂಟೇ ಗುರು. ನೆರೂಳ್‌ನ ಡಿ.ವೈ. ಪಾಟೀಲ್, ಕಾಮೋಠೆಯ ಎಂಜಿಎಂ ಕಾಲೇಜುಗಳಲ್ಲೂ ವ್ಯವಸ್ಥೆ ಇದೇ.

2019ರ ಪಠ್ಯಕ್ರಮದ ಪ್ರಕಾರ ಎರಡನೇ ವರ್ಷದಲ್ಲಿ ನಾಲ್ಕು ವಾರ, ಮೂರನೆಯದರಲ್ಲಿ ನಾಲ್ಕು ವಾರ, ಅಂತಿಮ ಹಂತದಲ್ಲಿ ಹನ್ನೆರಡು ವಾರ ಮೆಡಿಸಿನ್ ಪೋಸ್ಟಿಂಗ್ ಇತ್ತು. ದಿನಕ್ಕೆ ಮೂರು ಗಂಟೆ. ಮೊದಲ ಸುತ್ತಿನಲ್ಲಿ ರೋಗದ ಹೆಸರು ಹೇಳುವ ಉಸಾಬರಿಯೇ ಇಲ್ಲ. ಹಿಸ್ಟರಿ ತೆಗೆಯಬೇಕು, ನಾಡಿ ಹಿಡಿಯಬೇಕು, ಕಣ್ಣಿನ ರೆಪ್ಪೆ ಎಳೆದು ರಕ್ತಹೀನತೆ ನೋಡಬೇಕು. ನಿಲ್ಲಬೇಕಾದದ್ದು ರೋಗಿಯ ಬಲಮಗ್ಗುಲಲ್ಲಿ. ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯಾಗುತ್ತದೆ. ಗುಲ್ಮ ಇರುವುದು ಎಡಪಕ್ಕೆಲುಬಿನ ಅಡಿಯಲ್ಲಾದರೂ ಹುಡುಕಾಟ ಶುರುವಾಗುವುದು ಬಲ ಕೆಳಹೊಟ್ಟೆಯಿಂದ. ಊದಿಕೊಂಡ ಗುಲ್ಮ ಅಷ್ಟು ದೂರಕ್ಕೂ ಓರೆಯಾಗಿ ಚಾಚಿರಬಹುದು. ಮೇಲಿನಿಂದಲೇ ಕೈಯಿಟ್ಟವನು ಅದರ ಮೇಲೆಯೇ ಕೈಯಿಟ್ಟುಕೊಂಡು ಏನೂ ಇಲ್ಲ ಎಂದಾನು.

ಆಮೇಲೆ ಎದೆ ತಟ್ಟುವ ವಿದ್ಯೆ. ಎಡಗೈಯ ನಡುಬೆರಳನ್ನು ಎದೆಯ ಮೇಲೆ ಒತ್ತಿಟ್ಟು ಬಲಗೈಯ ನಡುಬೆರಳಿನಿಂದ ತಟ್ಟಿದರೆ ಗಾಳಿಯಿರುವಲ್ಲಿ ಸದ್ದು ಮೊಳಗುತ್ತದೆ, ನೀರು ತುಂಬಿದಲ್ಲಿ ಮಂಕಾಗುತ್ತದೆ. ಎದೆ ತಟ್ಟಿ ನೋಡುವ ಕ್ರಮವನ್ನು 1761ರಲ್ಲಿ ಬರೆದಿಟ್ಟ ವೈದ್ಯ ಔಎನ್‌ಬ್ರುಗರ್ ಆಸ್ಟ್ರಿಯಾದ ಗ್ರಾಜ್ ಊರಿನ ವಸತಿಗೃಹವೊಂದರ ಯಜಮಾನನ ಮಗ. ಅಪ್ಪ ಮದ್ಯದ ಪೀಪಾಯಿ ತಟ್ಟಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದುದೇ ಮಗನಿಗೆ ಹೊಳಹಾಯಿತೆಂಬ ಮಾತಿದೆ. ಹೋಟೆಲಿನವರ ಮಗ ಡಾಕ್ಟರಾಗುವ ಕಥೆ ಠಾಣೆ, ಡೊಂಬಿವಲಿಯ ನಮ್ಮ ಕನ್ನಡಿಗರಿಗೆ ಹೊಸದಲ್ಲ.

ಆದರೂ ನನ್ನ ಮಟ್ಟಿಗೆ ಕಷ್ಟದ ವಿದ್ಯೆ ಹಿಸ್ಟರಿಯೇ. "ದಮ್ಮು ಬರುತ್ತದೆ" ಎಂದು ರೋಗಿ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ ವಿದ್ಯಾರ್ಥಿಯನ್ನು ಸರ್ ಬಿಡುವುದಿಲ್ಲ. ಎಷ್ಟು ಮೆಟ್ಟಿಲು ಹತ್ತಿದರೆ? ಮಲಗಿದಾಗ ಹೆಚ್ಚುತ್ತದೆಯೇ? ರಾತ್ರಿ ಎದ್ದು ಕೂರುತ್ತಾನೆಯೇ? ಹೃದಯವೋ ಶ್ವಾಸಕೋಶವೋ ಎಂಬುದು ಬಹುಪಾಲು ಈ ಮೂರು ಉತ್ತರಗಳಲ್ಲೇ ತಿಳಿಯುತ್ತದೆ. ಕೇಳಬೇಕಾದ ಭಾಷೆ ಮರಾಠಿ, ಹಿಂದಿ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ದಾಖಲಾದರೆ ಮಾತ್ರ ವಾರ್ಡಿನಲ್ಲಿ ಕನ್ನಡದ ಹುಡುಗಿಗೆ ಬೆಲೆ ಬರುತ್ತದೆ. "ಎದಿ ಹಿಡದಂಗ ಆಗ್ತದ್ರೀ" ಎಂಬುದು ಚುಚ್ಚುವ ನೋವಲ್ಲ, ಅಮುಕುವ ನೋವು ಎಂದು ರೆಸಿಡೆಂಟನಿಗೆ ಬಿಡಿಸಿ ಹೇಳುವವಳು ಅವಳೇ. ಇಸಿಜಿ ಎಷ್ಟು ಬೇಗ ಆಗಬೇಕು ಎಂಬುದು ಅದರ ಮೇಲೆ ನಿಂತಿರುತ್ತದೆ.

ಮಳೆಗಾಲದಲ್ಲಿ ವಾರ್ಡಿನ ಪಾಠವೇ ಬದಲಾಗುತ್ತದೆ. ಮಲೇರಿಯಾ, ಡೆಂಗೆ, ಲೆಪ್ಟೊ. ನಿಂತ ನೀರಿನಲ್ಲಿ ನಡೆದುಬಂದವನ ಕಣ್ಣು ಕೆಂಪಾಗಿದ್ದು, ಮೀನಖಂಡ ಒತ್ತಿದರೆ ಚೀರಿಕೊಂಡರೆ ಲೆಪ್ಟೊಸ್ಪೈರೋಸಿಸ್ ಮನಸ್ಸಿಗೆ ಬರಬೇಕು. 2005ರ ಜುಲೈ 26ರ ಮಹಾಮಳೆಯ ಬೆನ್ನಿಗೇ ಮುಂಬಯಿ ಈ ಪಾಠವನ್ನು ದುಬಾರಿಯಾಗಿ ಕಲಿತಿತ್ತು.

ಕಲಿಸಲು ರೋಗಿಗಳು ಬೇಕು, ಅದಕ್ಕೇ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಬೇಕು. ಮಂಗಳೂರಿನ ಕೆಎಂಸಿಯ ಮಕ್ಕಳು ಕಲಿತದ್ದೂ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಆದರೆ ಜನ ತುಂಬಿದಷ್ಟೂ ರೆಸಿಡೆಂಟರ ಬೆನ್ನು ಬಾಗುತ್ತದೆ. ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಎಮರ್ಜೆನ್ಸಿ ದಿನ ಬೆಳಿಗ್ಗೆ ಬಂದವರು ಮರುದಿನ ಸಂಜೆ ಹೋಗುವುದು ಇವತ್ತಿಗೂ ವಿಶೇಷವಲ್ಲ. ಇದರ ನಡುವೆ ಪ್ರಬಂಧ, ಸೆಮಿನಾರು. 2021ರ ತಂಡದಿಂದೀಚೆಗೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕಡ್ಡಾಯ ಸೇವೆ. ಈ ಕೊನೆಯದು ಒಳ್ಳೆಯ ತಿದ್ದುಪಡಿ: ಎಂಆರ್‌ಐ ಪಕ್ಕದಲ್ಲಿಲ್ಲದಾಗ ಬೆರಳುಗಳೇ ಕೆಲಸಕ್ಕೆ ಬರುತ್ತವೆ.

ಇಂಟರ್ನ್‌ಶಿಪ್ ವರ್ಷದ್ದು ಬೇರೆ ಕಥೆ. ನಿಜವಾಗಿ ಕೈ ಪಳಗಬೇಕಾದ ವರ್ಷ ಅದು, ಆದರೆ ಪಿಜಿ ಸೀಟಿನ ಪ್ರವೇಶ ಪರೀಕ್ಷೆ ನಾಲ್ಕರಲ್ಲಿ ಒಂದು ಉತ್ತರ ಆರಿಸುವಂಥದ್ದು. ಹುಡುಗರು ಸಹಿ ಹಾಕಿ ಲೈಬ್ರರಿ ಸೇರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಸೀಟು ಕೊಡುವುದು ವಾರ್ಡಲ್ಲ.

ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆ ಮಾತ್ರ ಇನ್ನೂ ಹಳೆಯ ದಾರಿಯಲ್ಲೇ ಇದೆ: ಲಾಂಗ್ ಕೇಸ್, ಶಾರ್ಟ್ ಕೇಸ್, ಎದುರಿಗೆ ಪರೀಕ್ಷಕರು. ಕವಾಟದ ತೊಂದರೆಯಿದ್ದು ವರ್ಷಗಳಿಂದ ಬಂದುಹೋಗುವ ಕೆಲವು ರೋಗಿಗಳಿಗೆ ಪರೀಕ್ಷೆಯೂ ರೂಢಿಯಾಗಿರುತ್ತದೆ. ಬೆವರುತ್ತಿರುವ ಹುಡುಗನನ್ನು ನೋಡಿ ಕನಿಕರಪಟ್ಟು ಅವರು ರೋಗದ ಹೆಸರನ್ನೇ ಮೆಲ್ಲಗೆ ಉಸುರಿಬಿಡುತ್ತಾರೆ. ಪರೀಕ್ಷಕರಿಗೂ ಇದು ಗೊತ್ತು. ಹಾಗಾಗಿ ಹೆಸರು ಕೇಳಿ ತೃಪ್ತರಾಗುವುದಿಲ್ಲ. ಮರ್ಮರ ಎಲ್ಲಿ ಕೇಳಿಸಿತು, ಯಾವ ಕಡೆಗೆ ಹರಡಿತು, ಉಸಿರು ಬಿಟ್ಟಾಗ ಏನಾಯಿತು ಎಂದು ಸ್ಟೆತಸ್ಕೋಪ್ ಮತ್ತೆ ಎದೆಯ ಮೇಲಿಡಿಸುತ್ತಾರೆ.