ಪೆಡಲ್ ಕೆಳಗಿನ ನಂಬರ್

‘ಗಾಡಿ ನಂಬರ್ ಹೇಳಿ’ ಎಂದರು ಠಾಣೆಯ ರೈಟರ್. ‘ಗಾಡಿ ಅಲ್ಲ ಸಾರ್, ಸೈಕಲ್ಲು’ ಎಂದೆ. ‘ಸೈಕಲ್‌ಗೂ ಇರುತ್ತಲ್ರೀ, ಪೆಡಲ್ ಹತ್ರ, ಅಡಿಯಲ್ಲಿ’ ಎಂದು ಪೆನ್ನೆತ್ತಿಕೊಂಡೇ ಕಾದರು. ಮೂರು ವರ್ಷ ತುಳಿದ ಸೈಕಲ್ಲಿನ ಅಡಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಮಾಯವಾದ ಆ ಗೇರ್ ಸೈಕಲ್‌ಗೆ ನಲವತ್ತು ಸಾವಿರ ಕೊಟ್ಟಿದ್ದೆ, ವಿಮೆಯನ್ನೂ ಮಾಡಿಸಿದ್ದೆ. ದುಡ್ಡು ಬರಲಿಲ್ಲ. ಬಿಲ್ಲಿನಲ್ಲಿ ಫ್ರೇಮ್ ನಂಬರ್ ಇರಲಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಬೀಗದ್ದು. ಕಂಬಕ್ಕೋ ಸರಳಿಗೋ ಸೇರಿಸಿ ಬೀಗ ಹಾಕಿರಬೇಕು ಎಂದು ಪಾಲಿಸಿಯಲ್ಲಿ ಬರೆದಿತ್ತು. ನಾನು ಹಿಂದಿನ ಚಕ್ರವನ್ನು ಫ್ರೇಮಿಗೆ ಬಿಗಿದು, ಕೀಲಿಕೈ ಜೇಬಿಗೆ ಹಾಕಿಕೊಂಡು ನಿಶ್ಚಿಂತೆಯಿಂದ ಮಲಗಿದ್ದೆ. ಕಳ್ಳ ಬೀಗ ಒಡೆಯುವ ಗೋಜಿಗೂ ಹೋಗಿರಲಿಕ್ಕಿಲ್ಲ, ಎತ್ತಿಕೊಂಡೇ ನಡೆದಿರಬೇಕು.

ಅಪ್ಪನ ಕಾಲದಲ್ಲಿ ಪುರಸಭೆಗೆ ಸೈಕಲ್ ತೆರಿಗೆ ಕಟ್ಟಿ, ನಂಬರಿನ ಬಿಲ್ಲೆ ತಂದು ಸಿಕ್ಕಿಸಬೇಕಿತ್ತು. ಬಿಲ್ಲೆಯಿಲ್ಲದಿದ್ದರೆ, ರಾತ್ರಿ ದೀಪವಿಲ್ಲದಿದ್ದರೆ, ಡಬಲ್ ರೈಡ್ ಹೋದರೆ ದಂಡ. ಆ ಕಾಟ ತಪ್ಪಿತು. ಅದರ ಜೊತೆಗೆ ‘ಈ ಸೈಕಲ್ಲು ಇಂಥವರದು’ ಎನ್ನಲು ಇದ್ದ ಒಂದೇ ಗುರುತೂ ಹೋಯಿತು.

ಇ-ಬೈಕ್ ವಿಚಾರಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. ಅಂಗಡಿಯ ಮುಂದೆ ‘ಡಿಎಲ್ ಬೇಡ, ನೋಂದಣಿ ಬೇಡ, ಇನ್ಶೂರೆನ್ಸ್ ಬೇಡ’ ಎಂಬ ಫಲಕ ಇರುತ್ತದೆ. ಅರ್ಧ ನಿಜ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಹಾಗೆಂದು ಅಧಿಕೃತ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿದ್ದರೆ ಮಾತ್ರ ಅದು ಮೋಟಾರು ವಾಹನವಲ್ಲ. ಅಂಗಡಿಯವರ ಬಾಯಿಮಾತಿಗೆ ಬೆಲೆಯಿಲ್ಲ, ಆ ಸರ್ಟಿಫಿಕೇಟಿನ ಪ್ರತಿ ಕೇಳಿ ಪಡೆಯಿರಿ. ‘ಸ್ಪೀಡ್ ಲಾಕ್ ತೆಗೆದುಕೊಡ್ತೀವಿ ಸಾರ್, ನಲವತ್ತು ಹೋಗುತ್ತೆ’ ಎಂದರೆ ದಯವಿಟ್ಟು ಬೇಡವೆನ್ನಿ. ವೇಗದ ಮಿತಿ ದಾಟಿದರೆ ಆ ವಿನಾಯಿತಿಯೂ ಹೋಯಿತು. ನೋಂದಣಿಯಿಲ್ಲದ, ವಿಮೆಯಿಲ್ಲದ ವಾಹನ ಓಡಿಸಿದಂತಾಗುತ್ತದೆ. ವಿಮೆಯಿಲ್ಲದ್ದಕ್ಕೆ ಮೊದಲ ಸಲದ ದಂಡ 2,000 ರೂಪಾಯಿ. ಅದು ಹೇಗೋ ಕಟ್ಟಿಬಿಡಬಹುದು. ದಾರಿ ದಾಟುತ್ತಿದ್ದ ಅಜ್ಜಿಗೆ ಗುದ್ದಿ ಸೊಂಟ ಮುರಿದರೆ ಕೋರ್ಟು ಹೇಳಿದ ಪರಿಹಾರ ನಿಮ್ಮ ಜೇಬಿನಿಂದಲೇ ಹೋಗಬೇಕು.

ಮಿತಿ ದಾಟಿದ ಎಲೆಕ್ಟ್ರಿಕ್ ಗಾಡಿಗಳಿಗೆ ಹಸಿರು ನಂಬರ್ ಪ್ಲೇಟೂ ಥರ್ಡ್ ಪಾರ್ಟಿ ವಿಮೆಯೂ ಕಡ್ಡಾಯ. ಆ ವಿಮೆ ನಿಮ್ಮಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ಗಾಡಿ ಕಳವಾದರೆ, ಸುಟ್ಟರೆ, ಬಿದ್ದು ಮುರಿದರೆ ಸ್ವಂತ ಹಾನಿಯ ರಕ್ಷಣೆ ಬೇಕು. ಅಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಬ್ಯಾಟರಿ. ಮೋಟಾರು ವಿಮೆಯ ಲೆಕ್ಕದಲ್ಲಿ ಬ್ಯಾಟರಿಯೂ ಟಯರು, ಪ್ಲಾಸ್ಟಿಕ್‌ಗಳ ಸಾಲಿನಲ್ಲೇ ಬರುತ್ತದೆ. ದುರಸ್ತಿಯಲ್ಲಿ ಬದಲಾಯಿಸಿದರೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಪೆಟ್ರೋಲ್ ಗಾಡಿಗೆ ಅದೇನೂ ದೊಡ್ಡದಲ್ಲ. ಇ-ಬೈಕಿನಲ್ಲಿ ಬೆಲೆಯ ದೊಡ್ಡ ಪಾಲು ಬ್ಯಾಟರಿಯದ್ದೇ. ಸವಕಳಿ ಕಳೆಯದಂತೆ ‘ಜೀರೋ ಡೆಪ್’ ಸೇರಿಸುವಾಗ ಬ್ಯಾಟರಿ ಅದರೊಳಗೆ ಬರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

‘ಮನೆಗೇ ವಿಮೆ ಇದೆಯಲ್ಲ, ಸೈಕಲ್ಲೂ ಮನೆಯ ಸಾಮಾನೇ’ ಎನ್ನುವವರಿದ್ದಾರೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕೊಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ನೆರೆಯಂಥ ಆಪತ್ತುಗಳಿಗೆ ಒಳ್ಳೆಯದು. ಆದರೆ ಕಳ್ಳತನಕ್ಕೆ ಅದು ಸ್ಪಂದಿಸುವುದು ಅಂಥ ಆಪತ್ತು ಬಂದು, ಅದರಿಂದಾಗಿ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಸುಮ್ಮನೆ ಒಂದು ರಾತ್ರಿ ಬಂದು ಕದ್ದೊಯ್ದರೆ ಇಲ್ಲ.

ಸೈಕಲ್‌ಗೆಂದೇ ಇರುವ ಪಾಲಿಸಿ ಕೊಳ್ಳುವಾಗ ಪ್ರೀಮಿಯಂ ನೋಡುವ ಮೊದಲು ಹೊರಗಿಟ್ಟ ಸಂಗತಿಗಳ ಪಟ್ಟಿ ಓದಿ. ಸೀಟು, ಚಕ್ರ, ಬ್ಯಾಟರಿ ಮಾತ್ರ ಬಿಚ್ಚಿಕೊಂಡು ಹೋದರೆ ಕೊಡುತ್ತಾರೆಯೇ? ಅಂಗಡಿ ಮುಂದೆ ಎರಡು ನಿಮಿಷ ನಿಲ್ಲಿಸಿದ್ದು ‘ಕಾವಲಿಲ್ಲದೆ ಬಿಟ್ಟಂತೆ’ ಆಗುತ್ತದೆಯೇ? ಊಟ, ದಿನಸಿ ಡೆಲಿವರಿ ಮಾಡುವವರಿಗೆ ಅನ್ವಯಿಸುತ್ತದೆಯೇ? ಬಾಡಿಗೆ ದುಡಿಮೆಗೆ ಬಳಸಿದರೆ ಕೊಡುವುದಿಲ್ಲ ಎಂಬ ಷರತ್ತು ಇದ್ದರೆ, ದಿನವಿಡೀ ಇ-ಬೈಕಿನಲ್ಲಿ ಸುತ್ತುವ ಹುಡುಗರಿಗೆ ಆ ಕಾಗದ ಇದ್ದೂ ಇಲ್ಲದಂತೆ.

ಕಳವಾದರೆ ಮೊಬೈಲಿನಲ್ಲಿ ಇ-ಲಾಸ್ಟ್ ವರದಿ ಕೊಟ್ಟು ಸುಮ್ಮನಾಗಬೇಡಿ. ಅದು ಕಳೆದುಹೋದ ವಸ್ತುಗಳಿಗೆ. ಕಳ್ಳತನಕ್ಕೆ ಎಫ್‌ಐಆರ್ ಬೇಕು. ಆಮೇಲೆ ವಿಮಾ ಕಂಪನಿಯವರು, ಪತ್ತೆಯಾಗಲಿಲ್ಲ ಎಂಬ ಪೊಲೀಸರ ‘ಸಿ ರಿಪೋರ್ಟ್’ ಕೇಳುತ್ತಾರೆ. ಅದಕ್ಕೆ ಅಲೆಯಬೇಕಾಗುತ್ತದೆ, ತಾಳ್ಮೆ ಇರಲಿ. ಕ್ಲೇಮ್ ತಿರಸ್ಕರಿಸಿದ್ದು ಅನ್ಯಾಯವೆನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, 30 ದಿನಗಳಲ್ಲಿ ಉತ್ತರ ಬರದಿದ್ದರೆ ವಿಮಾ ಒಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಷ್ಟೆಲ್ಲ ಕಬ್ಬಿಣದ ಚಿಂತೆ. ತುಳಿಯುವವರ ಗತಿ? ನೋಂದಣಿಯಾದ ಗಾಡಿಯ ಮಾಲೀಕ ಚಾಲಕರಿಗೆ 15 ಲಕ್ಷದ ಅಪಘಾತ ವಿಮೆ ಇರುತ್ತದೆ. ಸೈಕಲ್ ಸವಾರರಿಗೆ ತಾವೇ ಮಾಡಿಸಿಕೊಳ್ಳದ ಹೊರತು ಏನೂ ಇಲ್ಲ. ಕಾರು ಗುದ್ದಿದರೆ ಕಾರಿನ ವಿಮೆಯಿಂದ ಪರಿಹಾರ ಕೇಳಬಹುದು. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಗುಂಡಿಗೆ ಬಿದ್ದರೆ ಕೇಳುವುದು ಯಾರನ್ನು? ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಆಸ್ಪತ್ರೆಯ ಬಿಲ್ಲನ್ನು ಅದು ಕಟ್ಟುವುದಿಲ್ಲ, ಅದಕ್ಕೆ ಆರೋಗ್ಯ ವಿಮೆ ಬೇರೆಯೇ ಬೇಕು.

ನನ್ನ ಲೆಕ್ಕ ಈಗ ಸರಳ. ಎಂಟು ಹತ್ತು ಸಾವಿರದ ಸೈಕಲ್‌ಗೆ ಪಾಲಿಸಿಗಿಂತ ಒಳ್ಳೆಯ ಯು-ಲಾಕ್ ಲಾಭ. ಕಳೆದುಕೊಂಡರೆ ಮತ್ತೆ ಕೊಳ್ಳಲಾಗದಷ್ಟು ದುಬಾರಿಯದ್ದಕ್ಕೆ ವಿಮೆ ಇರಲಿ. ಯಾವುದಕ್ಕೂ ಮೊದಲು ಇಂದೇ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಹಳೆಯ ಟೂತ್‌ಬ್ರಶ್‌ನಿಂದ ಪೆಡಲ್ ಅಚ್ಚಿನ ಕೆಳಗಿನ ಕೆಸರು ಉಜ್ಜಿ, ಅಲ್ಲಿ ಕೊರೆದಿರುವ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ.