ರೇಷ್ಮೆ ಹುಳು ತಿನ್ನುವ ಎಲೆಗೂ ಶುಗರ್ ಮಾತ್ರೆಗೂ ಏನು ಸಂಬಂಧ?

ರೇಷ್ಮೆ ಹುಳುಗಳ ಆಹಾರವಾದ ಹಿಪ್ಪುನೇರಳೆ ಎಲೆಗೂ ಮಧುಮೇಹದ ಮಾತ್ರೆಯೊಂದಕ್ಕೂ ನಂಟಿದೆ. ಎಲೆಯಲ್ಲಿ ಡಿಆಕ್ಸಿನೊಜಿರಿಮೈಸಿನ್ ಎಂಬ ರಾಸಾಯನಿಕವಿದೆ. ಅನ್ನ, ಚಪಾತಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕರುಳಿನ ಕಿಣ್ವಗಳ ಕೆಲಸವನ್ನು ಇದು ನಿಧಾನಗೊಳಿಸುತ್ತದೆ. ಹೀಗಾಗಿ ಊಟದ ನಂತರ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಇದರ ರಚನೆಯನ್ನೇ ಆಧರಿಸಿ ತಯಾರಿಸಿದ ಮಿಗ್ಲಿಟಾಲ್ ಮಾತ್ರೆಗೆ 1996ರಲ್ಲಿ ಅಮೆರಿಕದ ಎಫ್‌ಡಿಎ ಅನುಮೋದನೆ ನೀಡಿತು.

ಹಾಗಂತ ಮಾತ್ರೆ ಬಿಟ್ಟು ಎಲೆಯ ಪುಡಿ ಅಥವಾ ಚಹಾ ಸೇವಿಸಬಹುದೇ? ಖಂಡಿತ ಬೇಡ. ಮಾತ್ರೆಯಲ್ಲಿ ಔಷಧದ ಪ್ರಮಾಣ ನಿಗದಿಯಾಗಿರುತ್ತದೆ. ಎಲೆಯಲ್ಲಾದರೆ ತಳಿ, ಋತು ಮತ್ತು ಎಲೆಯ ಬಲಿತಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಈಗಾಗಲೇ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಜೊತೆಗೆ ಇದನ್ನೂ ಸೇವಿಸಿದರೆ ಸಕ್ಕರೆ ಮಟ್ಟ ಅತಿಯಾಗಿ ಕುಸಿಯಬಹುದು. ಮೊದಲು ನಿಮ್ಮ ವೈದ್ಯರನ್ನು ಕೇಳಿ.